ಹಳೆಯ ಪಿಕಪ್‌ನ ಡೀಸೆಲ್ ಮುಳ್ಳು ಮತ್ತು ಬದಲಿ ಫ್ಲೋಟ್ ಯೂನಿಟ್: ದೀರ್ಘಕಾಲದ ಬಳಕೆಯ ಅನುಭವ

ಟ್ಯಾಂಕಿನೊಳಗೆ ತೇಲುತ್ತ ಡೀಸೆಲ್ ಮಟ್ಟ ಅಳೆಯುವ ಫ್ಲೋಟ್ ಯೂನಿಟ್ ಬದಲಾಯಿಸಿದ್ದರಿಂದ ನನ್ನ ಹಳೆಯ ಡೀಸೆಲ್ ಪಿಕಪ್‌ನ ಮೀಟರ್ ಬೋರ್ಡಿನಲ್ಲಿ ಆ ಮಟ್ಟ ತೋರಿಸುವ ಮುಳ್ಳು ಸರಿಹೋಗಿದೆ. ಆದರೂ, ದೋಷ ಅದರಲ್ಲೇ ಇದೆ ಎಂದು ಖಚಿತವಾಗುವ ಮುನ್ನ ಯಾರೂ ಅದನ್ನು ಕೊಳ್ಳಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೂಡಿಗೆರೆ ಸೀಮೆಯ ತೋಟದ ಗಾಡಿಗಳಿಗೆ ಮುಳ್ಳು ತಪ್ಪು ತೋರಿಸುವುದು ಸಣ್ಣ ವಿಷಯವಲ್ಲ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಬಂಕ್ ಸಿಗುವುದಿಲ್ಲ. ಹಳೆಯ ಡೀಸೆಲ್ ಗಾಡಿಯ ಟ್ಯಾಂಕ್ ಬರಿದಾದರೆ ಪೈಪಿಗೆ ಗಾಳಿ ಹೊಕ್ಕು, ಡೀಸೆಲ್ ತಂದು ಸುರಿದರೂ ಏರ್ ತೆಗೆಯದೆ ಎಂಜಿನ್ ಹತ್ತುವುದಿಲ್ಲ.

ಫ್ಲೋಟಿನ ಕಡ್ಡಿ ಮೇಲೆ ಕೆಳಗೆ ಆಡಿದಂತೆ ಅದರ ಬುಡದ ಲೋಹದ ನಾಲಿಗೆ ರೋಧಕದ ಮೇಲೆ ಜಾರುತ್ತದೆ, ಆ ರೋಧಕ್ಕೆ ತಕ್ಕಂತೆ ಮುಳ್ಳು ನಿಲ್ಲುತ್ತದೆ. ಹೆಡ್‌ಲೈಟ್ ಹಾಕಿದೊಡನೆ ಮುಳ್ಳು ಕದಲಿದರೆ ಮೊದಲು ಅರ್ತ್, ಅಂದರೆ ಕರೆಂಟ್ ಗಾಡಿಯ ಚೌಕಟ್ಟಿನ (ಷಾಸಿ) ಮೂಲಕ ಬ್ಯಾಟರಿಗೆ ಮರಳುವ ಸಂಪರ್ಕ, ನೋಡಬೇಕು. ನಮ್ಮ ಮಳೆಗೆ, ಕೆಸರಿಗೆ ಷಾಸಿಯ ಮೇಲಿನ ಅರ್ತ್ ಬೋಲ್ಟ್ ತುಕ್ಕು ಹಿಡಿಯುವುದು ಸಾಮಾನ್ಯ, ಉಜ್ಜಿ ಬಿಗಿಗೊಳಿಸಲು ಹೆಚ್ಚು ಖರ್ಚಿಲ್ಲ. ಡೀಸೆಲ್ ಮುಳ್ಳಿನ ಜೊತೆಗೆ ಎಂಜಿನ್ ಬಿಸಿ ತೋರಿಸುವ ಮುಳ್ಳೂ ದಾರಿ ತಪ್ಪಿದರೆ, ಅನೇಕ ಹಳೆಯ ಗಾಡಿಗಳಲ್ಲಿ ಎರಡಕ್ಕೂ ಕರೆಂಟ್ ಕೊಡುವ ಮೀಟರ್ ಬೋರ್ಡಿನ ವೋಲ್ಟೇಜ್ ಸ್ಟೆಬಿಲೈಸರ್ ಅನ್ನು ಅನುಮಾನಿಸಬೇಕು. ನನ್ನ ಗಾಡಿಯಲ್ಲಿ ಇವೆರಡೂ ಸರಿಯಾಗಿದ್ದವು; ಮುಳ್ಳು ಮಾತ್ರ ಅರ್ಧ ಟ್ಯಾಂಕಿನ ಆಸುಪಾಸಿನಲ್ಲಷ್ಟೇ ಬಿದ್ದು ಏಳುತ್ತಿತ್ತು. ಬ್ಯಾಟರಿ ವೈರ್ ಬಿಚ್ಚಿ, ಯೂನಿಟ್ ಹೊರತೆಗೆದು, ರೋಧ ಅಳೆಯಲು ಮಲ್ಟಿಮೀಟರ್ ಹಿಡಿದು ಕಡ್ಡಿಯನ್ನು ನಿಧಾನವಾಗಿ ಎತ್ತಿದಾಗ ಅದೇ ಮಟ್ಟದಲ್ಲಿ ಓಮ್ (ರೋಧದ ಅಳತೆ) ಸಂಖ್ಯೆ ತಟ್ಟನೆ ಕಡಿದುಹೋಗುತ್ತಿತ್ತು. ಸಾವಿರಾರು ಸಲ ಜಾರಿದ ಜಾಗವೇ ಸವೆದಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿರಲಿಲ್ಲ.

ಹಾಸನದಿಂದ ತರಿಸಿದ ಬದಲಿ ಯೂನಿಟ್ ಕಂಪನಿಯದ್ದಲ್ಲ. ಕೊಳ್ಳುವಾಗ ಕಡ್ಡಿಯ ಉದ್ದದಷ್ಟೇ ಓಮ್ ವ್ಯಾಪ್ತಿಯನ್ನೂ ಹೊಂದಿಸಿಕೊಳ್ಳಬೇಕು: ಕೆಲವು ಯೂನಿಟ್‌ಗಳು ಖಾಲಿಯಿದ್ದಾಗ 10 ಓಮ್, ತುಂಬಿದಾಗ 180 ಓಮ್ ತೋರಿಸಿದರೆ, ಇನ್ನು ಕೆಲವು ಖಾಲಿಯಿದ್ದಾಗ 240, ತುಂಬಿದಾಗ 33 ತೋರಿಸುತ್ತವೆ. ಮೀಟರಿಗೆ ಹೊಂದದ ಯೂನಿಟ್ ಹಾಕಿದರೆ, ಅದು ಎಷ್ಟೇ ಹೊಸದಾಗಿದ್ದರೂ, ಮುಳ್ಳು ಕೊನೆಯವರೆಗೂ ಸುಳ್ಳನ್ನೇ ಹೇಳುತ್ತದೆ.

ಮಳೆಗಾಲ, ಕೊಯ್ಲು ಎಲ್ಲವನ್ನೂ ದಾಟಿದ ಮೇಲೂ ಮುಳ್ಳು ಎಲ್ಲಿಯೂ ನೆಗೆದಿಲ್ಲ. ಆದರೆ ಅರ್ಧಕ್ಕಿಂತ ಕೆಳಗೆ ಮೊದಲಿಗಿಂತ ಬೇಗ ಇಳಿಯುತ್ತದೆ. ಇದಕ್ಕಾಗಿ ಟ್ಯಾಂಕ್ ಬಹುತೇಕ ಖಾಲಿಯಿದ್ದಾಗ ಬಂಕಿನಲ್ಲಿ ಐದೈದು ಲೀಟರ್ ಹಾಕಿಸುತ್ತ, ಪ್ರತಿ ಸಲವೂ ಮುಳ್ಳು ನಿಂತ ಜಾಗವನ್ನು ಗುರುತಿಸಿ, ಆ ಚೀಟಿಯನ್ನು ಗಾಡಿಯಲ್ಲೇ ಇಟ್ಟಿದ್ದೇನೆ. ಚಿಕ್ಕಮಗಳೂರಿನ ಬಳಿಯ ಕೈಮರದಿಂದ ಬೆಟ್ಟದ ಮೇಲಕ್ಕೆ ಏರುವಾಗ ಮುಳ್ಳು ಸ್ವಲ್ಪ ಓಲಾಡುವುದು ದೋಷವಲ್ಲ, ಏರಿನಲ್ಲಿ ಡೀಸೆಲ್ ಟ್ಯಾಂಕಿನ ಒಂದು ಬದಿಗೆ ಸರಿಯುತ್ತದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ನೋಡಿದ್ದೇ ನಿಜವಾದ ಲೆಕ್ಕ.

ನನಗೆ ನಿಜವಾಗಿ ಬೇಸರ ತಂದದ್ದು ಯೂನಿಟ್‌ನೊಂದಿಗೆ ಬಂದ ತೆಳುವಾದ ರಬ್ಬರ್ ವಾಷರ್. ಟ್ಯಾಂಕ್ ಭರ್ತಿ ಮಾಡಿದ ದಿನಗಳಲ್ಲಿ ಅದರ ಅಂಚಿನಿಂದ ಡೀಸೆಲ್ ಜಿನುಗಿ ವಾಸನೆ ಬರುತ್ತಿತ್ತು. ಡೀಸೆಲ್ ತಡೆಯುವ ದಪ್ಪ ವಾಷರ್ ಪ್ರತ್ಯೇಕವಾಗಿ ಕೊಂಡು, ಸ್ಕ್ರೂಗಳನ್ನು ಎದುರುಬದುರಾಗಿ ಸಮನಾಗಿ ಬಿಗಿಸಿದ ಮೇಲೆ ಜಿನುಗು ನಿಂತಿದೆ.