ಒಲೆಯ ತೂಕ ನೋಡಿ ಗ್ಯಾಸ್ ಡಬ್ಬಿಯನ್ನು ಮರೆತ ನನ್ನ ತಪ್ಪು

ಚಳಿಗಾಲದ ಚಾರಣವೊಂದರಲ್ಲಿ ನಾವು ನಾಲ್ವರು ದೊಡ್ಡ ಅನಾಹುತದಿಂದ ಕೂದಲೆಳೆಯ ಅಂತರದಲ್ಲಿ ಪಾರಾದೆವು. ಒಲೆ ಕೊಳ್ಳುವಾಗ ನಾನು ಮಾಡಿದ ತಪ್ಪೇ ಅದರ ಮೂಲವಾದ್ದರಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಕೊಳ್ಳುವಾಗ ನಾನು ನೋಡಿದ್ದು ಒಲೆಯ ತೂಕವನ್ನು ಮತ್ತು ಅದು ಎಷ್ಟು ಚಿಕ್ಕದಾಗಿ ಮಡಚಿಕೊಳ್ಳುತ್ತದೆ ಎಂಬುದನ್ನು ಮಾತ್ರ. ಅದರ ಗ್ಯಾಸ್ ಡಬ್ಬಿಯಲ್ಲಿ ಬರೀ ಬ್ಯೂಟೇನ್ ಇದೆಯೆಂದು ಮೈಮೇಲೆಯೇ ಅಚ್ಚಾಗಿದ್ದರೂ ಓದಲಿಲ್ಲ. ಬ್ಯೂಟೇನ್ ಕುದಿಯುವುದು ಹೆಚ್ಚುಕಡಿಮೆ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಚಳಿ ಅದಕ್ಕಿಂತ ಇಳಿದರೆ ಅದು ದ್ರವವಾಗಿಯೇ ತಳದಲ್ಲಿ ಉಳಿಯುತ್ತದೆ. ಐಸೊಬ್ಯೂಟೇನ್ ಸುಮಾರು ಮೈನಸ್ 12, ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೇ ಕುದಿಯುವುದರಿಂದ ಚಳಿ ಪ್ರದೇಶಕ್ಕೆ ಇವೆರಡರ ಮಿಶ್ರಣವಿರುವ ಡಬ್ಬಿಯನ್ನೇ ಆರಿಸಬೇಕು. ಉರಿಯುವಾಗ ಡಬ್ಬಿ ತಾನಾಗಿಯೇ ತಣ್ಣಗಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಆ ಬೆಳಗಿನ ಜಾವ ಅಲುಗಾಡಿಸಿದರೆ ಡಬ್ಬಿಯೊಳಗೆ ದ್ರವ ಕುಲುಕುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು, ಆದರೆ ಉರಿ ಮಾತ್ರ ಉಗುರಿನಷ್ಟೂ ಏಳುತ್ತಿರಲಿಲ್ಲ. ಗಾಳಿಯೇ ಕಾರಣವೆಂದು ತಿಳಿದು, ತಗಡಿನ ಹಾಳೆಯನ್ನು ಒಲೆ ಮತ್ತು ಡಬ್ಬಿ ಎರಡೂ ಒಳಗೆ ಸೇರುವಂತೆ ಸುತ್ತಲೂ ಮುಚ್ಚಿದೆವು. ಉರಿ ಚುರುಕಾದಾಗ ಸಂತೋಷಪಟ್ಟೆವು. ಕೆಲವೇ ನಿಮಿಷಗಳಲ್ಲಿ ನೀಲಿ ಉರಿ ಹಳದಿಗೆ ತಿರುಗಿ ಪಾತ್ರೆಗಿಂತ ಮೇಲೆದ್ದಿತು. ತಗಡು ಸರಿಸಿ ಡಬ್ಬಿ ಮುಟ್ಟಿದರೆ ಕೈ ಇಡಲಾಗದಷ್ಟು ಕಾದಿತ್ತು. ಗೆಳೆಯನೊಬ್ಬ ಒದ್ದೆ ಬಟ್ಟೆ ಹಿಡಿದು ಒಲೆಯ ಗುಂಡಿ ತಿರುಗಿಸಿ ಆರಿಸಿದ. ಅದು ಇನ್ನಷ್ಟು ಕಾದಿದ್ದರೆ ಒಡೆದೇ ಬಿಡುತ್ತಿತ್ತು. ಡಬ್ಬಿಯ ನೆತ್ತಿಯ ಮೇಲೆಯೇ ಕೂರುವ ಒಲೆಗೆ ಸುತ್ತಲೂ ಗಾಳಿತಡೆ ಕಟ್ಟಲೇಬಾರದು; ಗಾಳಿ ಹೆಚ್ಚಿರುವ ಕಡೆಗೆ ಹೋಗುವವರು ಡಬ್ಬಿಯನ್ನು ದೂರದಲ್ಲಿಟ್ಟು ಕೊಳವೆಯ ಮೂಲಕ ಜೋಡಿಸುವ ಒಲೆಯನ್ನು ಕೊಳ್ಳುವುದು ಒಳಿತು.

ಒಲೆ ತಣಿದ ಮೇಲೆ ಬಿಚ್ಚಿ ನೋಡಿದಾಗ ಜೋಡಣೆಯ ರಬ್ಬರ್ ಉಂಗುರ ಗಟ್ಟಿಯಾಗಿ ಸೀಳಿತ್ತು. ಮನೆಯಿಂದ ಹೊರಡುವ ಮೊದಲೇ ಅದನ್ನು ನೋಡಿಕೊಂಡು, ಜೋಡಿಸಿದ ಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಪರೀಕ್ಷಿಸಿ.

ಸಂಜೆ ಬೇರೆ ತಂಡದವರು ತಮ್ಮ ಒಲೆ ಕೊಡಲು ಬಂದಾಗ, ಚಳಿ ತಾಳಲಾರದೆ ಅದನ್ನು ಟೆಂಟಿನೊಳಗೇ ಹಚ್ಚೋಣವೆಂದು ನಾನೇ ಹೇಳಿದೆ. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಮುಚ್ಚಿದ ಟೆಂಟಿನಲ್ಲಿ ತುಂಬಿಕೊಂಡರೆ ಮಲಗಿದವರು ಏಳುವುದೇ ಇಲ್ಲ ಎಂದು ಅದೇ ಗೆಳೆಯ ತಡೆದ. ಒಲೆಯನ್ನು ಹೊರಗೆ, ಬಂಡೆಯ ಮರೆಯಲ್ಲಿ ಹಚ್ಚಿದೆವು.