ನಿಧಾನವಾದ ಆಕ್ಸಿಜನ್ ಸೆನ್ಸರ್: ಮೂರು ಪರೀಕ್ಷೆ, ಮೂರು ದುರಸ್ತಿ, ಯಾವುದು ವಾಸಿ?

ಚೆಕ್ ಎಂಜಿನ್ ದೀಪ ಹತ್ತಿತು, ಸ್ಕ್ಯಾನರ್ ಪಿ0133 ಅಂತ ತೋರಿಸಿತು. ಅಂದರೆ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೂ ಮೊದಲು ಕೂತು, ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಅಂತ ಎಂಜಿನ್ ಕಂಪ್ಯೂಟರಿಗೆ ಹೇಳುವ ಆಕ್ಸಿಜನ್ ಸೆನ್ಸರ್ ಕೆಲಸ ಮಾಡುತ್ತಿದೆ, ಆದರೆ ತಡವಾಗಿ. ಈ ಕೋಡ್ ಕಂಡ ಕೂಡಲೇ ಹೊಸದನ್ನು ತರುವವರೇ ಜಾಸ್ತಿ. ನನಗೆ ಮಾತ್ರ ತಪ್ಪು ನಿಜವಾಗಿ ಸೆನ್ಸರಿನದ್ದೇ ಅಂತ ಮೊದಲು ಗೊತ್ತಾಗಬೇಕಿತ್ತು.

ನನ್ನ ಕಾರಿನಲ್ಲಿರುವುದು ಜಿರ್ಕೋನಿಯಾ ಸೆನ್ಸರ್. ಬಿಸಿಯಾದ ಮೇಲೆ ಇದು ಸುಮಾರು 0.1 ಮತ್ತು 0.9 ವೋಲ್ಟ್ ನಡುವೆ ಮೇಲೆ ಕೆಳಗೆ ಓಡಾಡುತ್ತಲೇ ಇರಬೇಕು. ವೈಡ್‌ಬ್ಯಾಂಡ್ ಸೆನ್ಸರ್ ಇರುವ ಕಾರಿಗೆ ಈ ಲೆಕ್ಕ ಹೊಂದುವುದಿಲ್ಲ.

ಮೊದಲು ಮಲ್ಟಿಮೀಟರ್. ವೇಗ ಅಳೆಯುವುದಕ್ಕೆ ಇದು ದಂಡ. ಡಿಜಿಟಲ್ ಮೀಟರ್ ಸರಾಸರಿಯ ಹತ್ತಿರದ ಅಂಕಿ ತೋರಿಸಿ ಸುಮ್ಮನಾಗುತ್ತದೆ. ಆದರೆ ಸೆನ್ಸರನ್ನು ಕಾಯಿಸುವ ಒಳಗಿನ ಹೀಟರ್ ನೋಡುವುದಕ್ಕೆ ಇದಕ್ಕಿಂತ ಸುಲಭದ್ದು ಇಲ್ಲ. ಕನೆಕ್ಟರ್ ಬಿಚ್ಚಿ ಹೀಟರಿನ ಎರಡು ತಂತಿಗಳ ನಡುವೆ ಓಮ್ ಅಳೆದರೆ ಆಯಿತು. ಅಳತೆಯೇ ಬರದಿದ್ದರೆ ಹೀಟರ್ ಕಡಿದಿದೆ. ಸೆನ್ಸರ್ 300 ಡಿಗ್ರಿ ಸೆಲ್ಸಿಯಸ್ ದಾಟಿ ಕಾದರೆ ಮಾತ್ರ ಸರಿಯಾಗಿ ನಡೆಯುವುದರಿಂದ, ಹೀಟರ್ ಕೆಟ್ಟರೂ ಅದು ನಿಧಾನವಾಗುತ್ತದೆ. ನನ್ನದರಲ್ಲಿ ಹೀಟರ್ ಚೆನ್ನಾಗಿಯೇ ಇತ್ತು.

ಆಮೇಲೆ ಕಾರಿನ ಡಯಾಗ್ನೋಸ್ಟಿಕ್ ಪೋರ್ಟಿಗೆ ಸಿಕ್ಕಿಸುವ ಬ್ಲೂಟೂತ್ ಅಡಾಪ್ಟರ್, ಮೊಬೈಲ್ ಆ್ಯಪ್. ಇದರಲ್ಲಿ ಒಂದು ಮೋಸವಿದೆ. ಒಟ್ಟಿಗೆ ಹತ್ತು ಅಳತೆ ತೆರೆದಿಟ್ಟರೆ ಒಂದೊಂದೂ ಅಪರೂಪಕ್ಕೆ ಹೊಸದಾಗುತ್ತದೆ, ಆಗ ಒಳ್ಳೆಯ ಸೆನ್ಸರೂ ಸೋಮಾರಿಯಂತೆ ಕಾಣುತ್ತದೆ. ಸೆನ್ಸರ್ ವೋಲ್ಟೇಜ್ ಒಂದನ್ನೇ ಇಟ್ಟು ನೋಡಬೇಕು. ಆದರೂ ಇದರ ನಿಜವಾದ ಉಪಯೋಗ ಫ್ಯೂಯಲ್ ಟ್ರಿಮ್, ಅಂದರೆ ಕಂಪ್ಯೂಟರ್ ಇಂಧನವನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವುದನ್ನು ನೋಡುವುದಕ್ಕೆ. ಲಾಂಗ್ ಟರ್ಮ್ ಟ್ರಿಮ್ ಹತ್ತು ಶೇಕಡಾ ಮೀರಿ ಪ್ಲಸ್ ಕಡೆ ಕೂತಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಎಂಜಿನ್ನಿಗೆ ನುಗ್ಗುವ ವ್ಯಾಕ್ಯೂಮ್ ಲೀಕ್, ಕೊಳೆಯಾದ ಏರ್‌ಫ್ಲೋ ಸೆನ್ಸರ್ ಇವನ್ನು ಮೊದಲು ಹುಡುಕಬೇಕು. ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸುತ್ತ ಕಪ್ಪು ಮಸಿ ಇದೆಯಾ ಅಂತಲೂ ನೋಡಿ. ಅಲ್ಲಿ ಸೋರಿಕೆಯಿದ್ದರೆ ಹೊರಗಿನ ಗಾಳಿ ಒಳಗೆ ಬಂದು ಸೆನ್ಸರಿನ ಲೆಕ್ಕ ತಪ್ಪಿಸುತ್ತದೆ.

ಕೊನೆಗೆ ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ಬಿಡಿಸಿ ತೋರಿಸುವ ಆಸಿಲೋಸ್ಕೋಪ್. ಅನುಮಾನ ತೀರಿದ್ದು ಇದರಿಂದಲೇ. ಎಂಜಿನ್ ಬಿಸಿ ಮಾಡಿ 2500 ಆರ್‌ಪಿಎಂನಲ್ಲಿಟ್ಟು, ಇಂಧನ ದಿಢೀರ್ ಹೆಚ್ಚಾಗಲಿ ಅಂತ ಗಾಳಿ ಎಳೆಯುವ ಕಡೆ ಸ್ವಲ್ಪ ಪ್ರೊಪೇನ್ ಗ್ಯಾಸ್ ಬಿಟ್ಟೆ. ಒಳ್ಳೆಯ ಸೆನ್ಸರ್ 100 ಮಿಲಿಸೆಕೆಂಡಿನೊಳಗೆ ಮೇಲೆ ಹಾರಬೇಕು. ನನ್ನದು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುವವರ ಹಾಗೆ ಏರಿತು. ಸ್ಕೋಪ್ ಸಾಲ ಸಿಕ್ಕಿದರೆ ಬಿಡಬೇಡಿ.

ದುರಸ್ತಿಯಲ್ಲಿ ಇಷ್ಟು ಗೊಂದಲ ಇಲ್ಲ. ಬಿಚ್ಚಿ ಕ್ಲೀನ್ ಮಾಡುವುದನ್ನು ಪ್ರಯತ್ನಿಸಿದೆ. ಮೇಲಿನ ಮಸಿ ಹೋಯಿತು, ಏರುವ ವೇಗ ಹಾಗೇ ಉಳಿಯಿತು. ಸಿಲಿಕೋನ್ ಅಥವಾ ಆಯಿಲ್ ಬೂದಿ ಸೆರಾಮಿಕ್ ಮೇಲೆ ಕೂತ ಮೇಲೆ ಬ್ರಷ್ ಏನು ಮಾಡೀತು? ತಂತಿ ಕತ್ತರಿಸಿ ಜೋಡಿಸುವ ಯೂನಿವರ್ಸಲ್ ಸೆನ್ಸರ್ ಅಗ್ಗ, ಸಿಗ್ನಲ್ಲೂ ಚುರುಕಾಗಿ ಬಂತು. ಆದರೆ ಜೋಡಣೆ ತಲೆನೋವು. ಬೆಸುಗೆ ಹಾಕುವಂತಿಲ್ಲ, ಕ್ರಿಂಪ್ ಮಾಡಲೇಬೇಕು. ಯಾಕೆಂದರೆ ಎಷ್ಟೋ ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ತಂತಿಯ ಎಳೆಗಳ ಸಂದಿಯಿಂದಲೇ ಎಳೆದುಕೊಳ್ಳುತ್ತವೆ. ಸದ್ಯ ಕಾರಿನಲ್ಲಿರುವುದು ಕಂಪನಿ ಕನೆಕ್ಟರ್ ಸಮೇತ ಬರುವ ಡೈರೆಕ್ಟ್ ಫಿಟ್. ಬೆಲೆ ಜಾಸ್ತಿ, ಆದರೂ ನನ್ನ ವೋಟು ಇದಕ್ಕೇ.

ಬಿಚ್ಚುವಾಗ ಎಂಜಿನ್ ಸ್ವಲ್ಪ ಬೆಚ್ಚಗಿರಲಿ, ತಂತಿ ಹಾಯಲು ಸೀಳಿರುವ 22 ಎಂಎಂ ಸಾಕೆಟ್ ಹಾಕಿ. ಕಚ್ಚಿಕೊಳ್ಳದಂತೆ ಹಚ್ಚುವ ಆ್ಯಂಟಿ ಸೀಝ್ ಪೇಸ್ಟ್ ಥ್ರೆಡ್ಡಿಗೆ ಮಾತ್ರ, ತುದಿಗೆ ತಾಗಬಾರದು. ಹತ್ತಿರದಲ್ಲಿ ಸಿಲಿಕೋನ್ ಸೀಲಂಟ್ ಬಳಸಲೇಬೇಡಿ. ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ ಅಥವಾ ಕೂಲಂಟ್ ಒಳಗೆ ಸೋರುತ್ತಿದ್ದರೆ ಅದನ್ನು ಮೊದಲು ಸರಿ ಮಾಡಿಸಿ. ಇಲ್ಲದಿದ್ದರೆ ಹೊಸ ಸೆನ್ಸರಿಗೂ ಅದೇ ಗತಿ.