ಹಳೆಯ ಎಂಎಕ್ಸ್-5 ಕೊಳ್ಳುವವರೇ, ಹೊಸ ಅಂಡರ್‌ಸೀಲ್ ಕಂಡರೆ ಹುಷಾರು

ಇಂಗ್ಲೆಂಡಿನಲ್ಲಿದ್ದು ಹಳೆಯ ಮಾಜ್ದಾ ಎಂಎಕ್ಸ್-5 ಕೊಳ್ಳುವ ಯೋಚನೆಯಲ್ಲಿರುವ ಕನ್ನಡದವರಿಗೆ ಇದನ್ನು ಬರೆಯುತ್ತಿದ್ದೇನೆ. ಕಾರಿನ ತಳಕ್ಕೆ ಇತ್ತೀಚೆಗೆ ಕಪ್ಪಗೆ ಅಂಡರ್‌ಸೀಲ್, ಅಂದರೆ ತುಕ್ಕು ತಡೆಯುವ ದಪ್ಪ ಲೇಪ, ಬಳಿದಿದ್ದಾರೆ ಅಂತಾದರೆ, ಅದರ ಹಿಂದೆ ಕಬ್ಬಿಣ ಇದೆಯೋ ಇಲ್ಲವೋ ಅಂತ ಖಾತ್ರಿಯಾಗುವವರೆಗೆ ಒಂದು ಪೌಂಡೂ ಕೊಡಬೇಡಿ. ಮಾರುವವರು ನಿಮ್ಮ ಜೊತೆ ಪ್ರತಿ ಭಾನುವಾರ ಕಾಫಿ ಕುಡಿಯುವವರೇ ಆಗಿರಲಿ. ನನಗೆ ಮಾರಿದವರು ಅಂಥವರೇ.

ಈ ಕಾರನ್ನು ಯಾಕೆ ಇಷ್ಟೊಂದು ಜನ ಪ್ರೀತಿಸುತ್ತಾರೆ ಅನ್ನೋದು ಒಮ್ಮೆ ಓಡಿಸಿದವರಿಗೆ ಗೊತ್ತು. 1989ರಲ್ಲಿ ಷಿಕಾಗೋ ಆಟೋ ಶೋನಲ್ಲಿ ಮೊದಲು ತೋರಿಸಿದ ಕಾರು. ಎರಡೇ ಸೀಟು, ಎದ್ದು ಬರುವ ಹೆಡ್‌ಲೈಟು, ಚಾವಣಿಯ ಬದಲು ಮಡಚುವ ಬಟ್ಟೆಯ ಹುಡ್, ಒಂದು ಟನ್ನಿಗಿಂತ ಕಡಿಮೆ ತೂಕ. 1.6 ಲೀಟರಿನ ಎಂಜಿನ್ನಿಗೆ ಸುಮಾರು 115 ಕುದುರೆ ಶಕ್ತಿ, ಅಷ್ಟೇ. ಆದರೂ ಗೇರ್ ಹಾಕುವಾಗ ಕೈಗೆ ಸಿಗುವ ಆ ಚಿಕ್ಕ 'ಟಕ್' ಇದೆಯಲ್ಲ, ಅದಕ್ಕೆ ಮನಸೋಲದವರು ಕಡಿಮೆ. ಜಪಾನಿನಲ್ಲಿ ಇದನ್ನೇ ಯೂನೋಸ್ ರೋಡ್‌ಸ್ಟರ್ ಅಂತ ಮಾರುತ್ತಿದ್ದರು. ಅಲ್ಲೂ ಸ್ಟೀರಿಂಗ್ ಬಲಗಡೆ, ಇಲ್ಲೂ ಬಲಗಡೆ. ಹಾಗಾಗಿ ಬಳಸಿದ ಯೂನೋಸ್‌ಗಳು ಹಡಗು ಹತ್ತಿ ರಾಶಿ ರಾಶಿಯಾಗಿ ಈ ದೇಶಕ್ಕೆ ಬಂದಿವೆ.

ನಾನು ಕೊಂಡದ್ದೂ ಯೂನೋಸ್. 1992ರ ಕೆಂಪು ಕಾರು, 4,200 ಪೌಂಡ್. ಮಾರಿದವರು ನಮ್ಮ ಹಳೆಯ ಜಪಾನಿ ಕಾರುಗಳ ಬಳಗದವರು. ಯಾರ ಕಾರು ಕೆಟ್ಟರೂ ಸ್ಪ್ಯಾನರ್ ಹಿಡಿದು ಬರುವ ಮನುಷ್ಯ. ಜಾಹೀರಾತಿನಲ್ಲಿ 'ಸಿಲ್ ಗಟ್ಟಿಯಾಗಿದೆ, ಎರಡೂ ಕಡೆ ವೆಲ್ಡಿಂಗ್ ಮಾಡಿಸಿ ಅಂಡರ್‌ಸೀಲ್ ಹಾಕಿಸಲಾಗಿದೆ' ಅಂತ ಬರೆದಿದ್ದರು. ಸಿಲ್ ಅಂದರೆ ಬಾಗಿಲ ಕೆಳಗೆ ಉದ್ದಕ್ಕೂ ಇರುವ ಟೊಳ್ಳು ಪೆಟ್ಟಿಗೆ. ವೆಲ್ಡಿಂಗ್ ನಡೆಯುವಾಗ ತೆಗೆದ ಫೋಟೋಗಳನ್ನು ಕಳಿಸಿದರು. ಹೊಸದಾಗಿ ಎಂಒಟಿ ಪಾಸಾದ ಕಾಗದ ಕೈಗಿಟ್ಟರು. ಊರಲ್ಲಿ ಎಫ್‌ಸಿ ಅಂತೀವಲ್ಲ, ಸುಮಾರು ಅದೇ, ಆದರೆ ಇಲ್ಲಿ ಮೂರು ವರ್ಷ ದಾಟಿದ ಸ್ವಂತ ಕಾರಿಗೂ ವರ್ಷ ವರ್ಷ ಆಗಬೇಕು. ಕಾರನ್ನು ಗ್ಯಾರೇಜಿನ ಲಿಫ್ಟಿಗೆ ಹಾಕಿ ತಳ ನೋಡೋಣ ಅಂತ ನಾನು ಕೇಳಿದಾಗ, "ಈಗಷ್ಟೇ ಎಂಒಟಿ ಆಗಿದೆ, ಮತ್ತೆ ಯಾಕೆ? ನಮ್ಮ ನಮ್ಮಲ್ಲೇ ಇದೆಲ್ಲ ಬೇಕಾ?" ಅಂದರು. ಎಂಜಿನ್ ನಿಜಕ್ಕೂ ಚೆನ್ನಾಗಿತ್ತು. ಹುಡ್ ಹೊಸದು. ಒಳಗೆ ಸೀಟಿನ ಬಟ್ಟೆ ಕೂಡ ಹರಿದಿರಲಿಲ್ಲ.

ನಿಜ ಹೊರಬಿದ್ದದ್ದು ಟೈರ್ ಬದಲಾಯಿಸಲು ಗ್ಯಾರೇಜಿಗೆ ಹೋದಾಗ. ಹಿಂದಿನ ಚಕ್ರದ ಮುಂಭಾಗದಲ್ಲಿ, ಜಾಕ್ ಕೊಡುವ ಜಾಗದ ಹತ್ತಿರ ಜಾಕ್ ಕೊಟ್ಟು ಎತ್ತಿದರು. ಕಾರು ಮೇಲೆ ಏಳುವ ಬದಲು ಜಾಕೇ ಒಳಗೆ ಹೋಯಿತು. ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಕೆಲಸ ನಿಲ್ಲಿಸಿ, ಕಾರನ್ನು ಲಿಫ್ಟಿಗೆ ಹಾಕಿ, ಟಾರ್ಚ್ ಹಿಡಿದು ನನ್ನನ್ನು ಕೆಳಗೆ ಕರೆದರು. ಸ್ಕ್ರೂಡ್ರೈವರಿನಿಂದ ಕಪ್ಪು ಬಣ್ಣವನ್ನು ಕೆರೆದರು. ಬಣ್ಣ ಚರ್ಮದ ಹಾಗೆ ಸುಲಿದು ಬಂತು. ಅದರ ಕೆಳಗೆ ಪುಟ್ಟಿ. ಪುಟ್ಟಿಯ ಕೆಳಗೆ ಫೈಬರ್‌ಗ್ಲಾಸ್ ಚಾಪೆ. ಅದನ್ನು ಹಿಡಿದು ನಿಲ್ಲಿಸಲು ಅಲ್ಯೂಮಿನಿಯಂ ಜಾಲರಿ. ಜಾಲರಿಯ ಹಿಂದೆ ಹಳದಿ ಫೋಮ್. ಕಿಟಕಿಯ ಸಂದಿಗೆ ಡಬ್ಬಿಯಿಂದ ಸಿಂಪಡಿಸುತ್ತಾರಲ್ಲ, ಅದೇ ಫೋಮ್. ಫೋಮ್ ಒದ್ದೆಯಾಗಿತ್ತು, ಒತ್ತಿದರೆ ನೀರು ಇಳಿಯುತ್ತಿತ್ತು. ಇನ್ನೂ ಒಳಗೆ ಉಳಿದಿದ್ದ ಕಬ್ಬಿಣ ಬೆರಳು ತಾಗಿದರೆ ಹಪ್ಪಳದ ಹಾಗೆ ಮುರಿದು ಉದುರುತ್ತಿತ್ತು. ಎರಡೂ ಕಡೆ ಇದೇ ಕಥೆ. ವೆಲ್ಡಿಂಗಿನ ಒಂದು ಗೆರೆಯೂ ಇರಲಿಲ್ಲ.

ಮನೆಗೆ ಬಂದು ಆ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಕೆಂಪು ಕಾರೇ, ಯೂನೋಸೇ, ಆದರೆ ಬೇರೆ ಕಾರು. ಸಿಲ್ ಕತ್ತರಿಸಿದ ಫೋಟೋಗಳಲ್ಲಿ ನಂಬರ್ ಪ್ಲೇಟ್ ಎಲ್ಲೂ ಇಲ್ಲ. ಇಷ್ಟು ಹತ್ತಿರದಿಂದ ತೆಗೆದ ಫೋಟೋ ಯಾವ ಕಾರಿನದೂ ಆಗಬಹುದು. ಹಾಗಾಗಿ ಫೋಟೋ ಕೇಳುವಾಗ, ನಂಬರ್ ಪ್ಲೇಟೂ ದುರಸ್ತಿಯಾದ ಜಾಗವೂ ಒಂದೇ ಚಿತ್ರದಲ್ಲಿ ಬರುವಂತೆ ಕೇಳಿ. ವಿಡಿಯೋ ಆದರೆ ಇನ್ನೂ ಒಳ್ಳೆಯದು. ಗ್ಯಾರೇಜಿನ ಬಿಲ್ಲು ಇದ್ದರೆ ಅದರಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಿ.

ಈ ಜಾಗವೇ ಯಾಕೆ ಕೊಳೆಯುತ್ತದೆ ಅಂತ ತಿಳಿದಿರಬೇಕು. ಹುಡ್ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿರುವ ಚಿಕ್ಕ ಕಾಲುವೆಗೆ ಬಂದು, ಎರಡು ಬದಿಯ ಕೊಳವೆಗಳಲ್ಲಿ ಇಳಿದು, ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬೀಳಬೇಕು. ಎಲೆ, ಮಣ್ಣು ಸೇರಿ ಕೊಳವೆ ಕಟ್ಟಿಕೊಂಡರೆ ನೀರು ಸಿಲ್ ಒಳಗೆ ಹೋಗಿ ನಿಲ್ಲುತ್ತದೆ. ಸಿಲ್ ಅಂದರೆ ಬಾಗಿಲ ಕೆಳಗೆ ಉದ್ದಕ್ಕೂ ಇರುವ ಟೊಳ್ಳು ಪೆಟ್ಟಿಗೆ. ಒಳಗಿನದು, ನಡುವಿನದು, ಹೊರಗಿನದು ಅಂತ ತಗಡಿನ ಪದರಗಳು. ತುಕ್ಕು ಒಳಗಿನಿಂದ ಶುರುವಾಗುತ್ತದೆ. ಹೊರಗೆ ಬಣ್ಣದಲ್ಲಿ ಒಂದು ಗುಳ್ಳೆ ಏಳುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ. ಇದರ ಮೇಲೆ ಚಳಿಗಾಲದಲ್ಲಿ ಇಲ್ಲಿಯ ರಸ್ತೆಗಳಿಗೆ ಸುರಿಯುವ ಕಲ್ಲುಪ್ಪು. ಕಾರವಾರ, ಮಂಗಳೂರು ಕಡೆಯವರಿಗೆ ಉಪ್ಪುಗಾಳಿ ಗೇಟು, ಗ್ರಿಲ್ಲುಗಳಿಗೆ ಏನು ಮಾಡುತ್ತೆ ಅಂತ ಹೇಳಬೇಕಿಲ್ಲ. ಇಲ್ಲಿ ಆ ಉಪ್ಪನ್ನು ನೀರಿನ ಜೊತೆ ಚಕ್ರಗಳು ಕಾರಿನ ತಳಕ್ಕೇ ಎರಚುತ್ತವೆ.

"ಜಪಾನಿನಿಂದ ಬಂದ ಕಾರು, ತುಕ್ಕು ಇರಲ್ಲ" ಅನ್ನೋ ಮಾತು ನಿಮ್ಮ ಕಿವಿಗೂ ಬೀಳುತ್ತೆ. ಅದರಲ್ಲಿ ಅರ್ಧ ಸತ್ಯ ಇದೆ. ಬರುವಾಗ ಚೆನ್ನಾಗಿಯೇ ಬಂದಿರಬಹುದು. ಬಂದ ಮೇಲೆ ಎಷ್ಟು ಚಳಿಗಾಲ ಇಲ್ಲಿ ಕಳೆದಿದೆ ಅನ್ನೋದೇ ಮುಖ್ಯ. ಅಲ್ವಾ?

ಈಗ ಎಂಒಟಿ ವಿಷಯ. ಪುಟ್ಟಿ ಮತ್ತು ಫೈಬರ್‌ಗ್ಲಾಸಿನಿಂದ ಸಿಲ್ ಮುಚ್ಚಿರುವುದು ಕಂಡರೆ ಕಾರು ಫೇಲ್ ಆಗಬೇಕು, ನಿಯಮ ಹಾಗೇ ಇದೆ. ಅಂಥ ಜಾಗಕ್ಕೆ ತಗಡು ಹಾಕಿ ಸುತ್ತ ಬಿಡದೆ ವೆಲ್ಡ್ ಮಾಡಿರಬೇಕು. ಆದರೆ ತಪಾಸಣೆ ಮಾಡುವವರು ಏನನ್ನೂ ಬಿಚ್ಚುವ ಹಾಗಿಲ್ಲ, ಅಂಡರ್‌ಸೀಲ್ ಕೆರೆದು ತೆಗೆಯುವ ಹಾಗೂ ಇಲ್ಲ. ಹೊರಗಿನಿಂದಲೇ ಒತ್ತಿ, ತಟ್ಟಿ ನೋಡುತ್ತಾರೆ. ದಪ್ಪಗೆ ಪುಟ್ಟಿ ತುಂಬಿ, ಮೇಲೆ ಒರಟು ಕಪ್ಪು ಬಳಿದವರು ಇದೆಲ್ಲ ಗೊತ್ತಿದ್ದೇ ಮಾಡಿರುತ್ತಾರೆ. ಮೊನ್ನೆ ಪಾಸಾದ ಎಂಒಟಿಯನ್ನು ಸಿಲ್ ಗಟ್ಟಿ ಅನ್ನೋದಕ್ಕೆ ಸಾಕ್ಷಿಯಾಗಿ ಯಾರು ಹಿಡಿದರೂ ಒಪ್ಪಬೇಡಿ.

ನಿಜವಾಗಿ ಉಪಯೋಗಕ್ಕೆ ಬರುವುದು ಹಳೆಯ ಎಂಒಟಿಗಳು. ಸರ್ಕಾರದ ಜಾಲತಾಣದಲ್ಲಿ ಕಾರಿನ ನಂಬರ್ ಹಾಕಿದರೆ ಸಾಕು, ವರ್ಷ ವರ್ಷದ ಫಲಿತಾಂಶ ಬಿಟ್ಟಿಯಾಗಿ ಸಿಗುತ್ತೆ. ಪಾಸ್, ಫೇಲ್ ಮಾತ್ರ ನೋಡಬೇಡಿ. 'ಅಡ್ವೈಸರಿ', ಅಂದರೆ ಫೇಲ್ ಮಾಡದೆ ಕೊಟ್ಟ ಎಚ್ಚರಿಕೆ, ಅಂತ ಬರೆದಿರುವ ಸಾಲುಗಳನ್ನು ಓದಿ. ಸಿಲ್ ಹತ್ತಿರ ತುಕ್ಕು ಅಂತ ಎರಡು ಮೂರು ವರ್ಷ ಬರೆದು, ಆಮೇಲೆ ಇದ್ದಕ್ಕಿದ್ದಂತೆ ಆ ಸಾಲು ಮಾಯವಾಗಿದೆಯಾ? ಹಾಗಿದ್ದರೆ ಆ ನಡುವೆ ಯಾರೋ ವೆಲ್ಡಿಂಗ್ ಮಾಡಿಸಿರಬೇಕು, ಇಲ್ಲವೇ ಯಾರೋ ಬಣ್ಣ ಬಳಿದಿರಬೇಕು. ಬಿಲ್ಲು ಕೇಳಿ. ಕೆಲವು ಸಲ 'ಅಂಡರ್‌ಸೀಲ್ ಇರುವುದರಿಂದ ಸರಿಯಾಗಿ ಕಾಣಲಿಲ್ಲ' ಅಂತ ತಪಾಸಣೆಯವರೇ ಬರೆದಿರುತ್ತಾರೆ. ಆ ಒಂದು ಸಾಲು ಮಾರುವವರ ನೂರು ಮಾತಿಗಿಂತ ಹೆಚ್ಚು.

ನನಗೆ ಸಿಟ್ಟು ಬಂದದ್ದು ದುಡ್ಡಿಗಿಂತ ಜಾಸ್ತಿ ಇನ್ನೊಂದಕ್ಕೆ. ಮೇಲ್ಛಾವಣಿ ಇಲ್ಲದ ಕಾರಿನಲ್ಲಿ ಭಾರ ಹೊರುವುದರಲ್ಲಿ ಈ ಸಿಲ್‌ಗಳದ್ದೇ ದೊಡ್ಡ ಪಾಲು. ಬದಿಯಿಂದ ಯಾರಾದರೂ ಗುದ್ದಿದರೆ ಬಾಗಿಲ ಜೊತೆ ತಡೆಯಬೇಕಾದದ್ದೂ ಇವೇ. ಆ ಫೋಮಿನ ಪಕ್ಕದ ಸೀಟಿನಲ್ಲಿ ನನ್ನ ಮಗಳು ಕೂತು, ಹುಡ್ ತೆಗೆದು, ಮೋಟರ್‌ವೇಯಲ್ಲಿ ಹಾಡು ಹೇಳುತ್ತಾ ಬಂದಿದ್ದಾಳೆ. ಆ ಮನುಷ್ಯ ನಮ್ಮಿಬ್ಬರನ್ನೂ ಕೈಬೀಸಿ ಕಳಿಸಿದ್ದ. ಒಳಗೆ ಏನು ತುಂಬಿದ್ದಾನೆ ಅಂತ ಗೊತ್ತಿದ್ದೂ.

ಕೇಳಿದಾಗ, "ನನಗಿಂತ ಮೊದಲು ಇದ್ದವರು ಮಾಡಿರಬೇಕು, ಇದ್ದ ಹಾಗೆ ಮಾರಿದ್ದೇನೆ" ಅಂದರು. ಬಳಗದಲ್ಲಿ ಕೆಲವರು, "ಮೂವತ್ತು ವರ್ಷದ ಕಾರು, ಇದೆಲ್ಲ ಇದ್ದದ್ದೇ, ಸುಮ್ನೆ ಬಿಡಿ" ಅಂತ ಸಮಾಧಾನ ಹೇಳಿದರು. ನಾನು ಒಪ್ಪುವುದಿಲ್ಲ. ತುಕ್ಕು ಹಿಡಿಯುವುದು ವಯಸ್ಸಿನಿಂದ. ಜಾಲರಿ ಕತ್ತರಿಸಿ ಒಳಗೆ ಕೂರಿಸುವುದು ಕೈಯಿಂದ. ತುಕ್ಕು ಇದೆ ಅಂತ ಹೇಳಿ ಕಡಿಮೆ ಬೆಲೆಗೆ ಮಾರುವವರನ್ನು ನಾನು ಗೌರವಿಸುತ್ತೇನೆ, ಅಂಥವರೂ ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ.

ಕಾನೂನು ಇಲ್ಲಿ ಸ್ವಲ್ಪ ಸೂಕ್ಷ್ಮ. ವ್ಯಾಪಾರಿಯಿಂದ ಕೊಂಡರೆ 2015ರ ಗ್ರಾಹಕ ಹಕ್ಕು ಕಾಯ್ದೆಯ ಪ್ರಕಾರ, ದೋಷ ಇದ್ದ ಕಾರನ್ನು 30 ದಿನದೊಳಗೆ ವಾಪಸ್ ಮಾಡಬಹುದು. ಖಾಸಗಿಯಾಗಿ ಮಾರುವವರಿಗೆ ಅದು ಅನ್ವಯಿಸಲ್ಲ. ಆದರೆ ಅವರೂ ಸುಳ್ಳು ವಿವರಣೆ ಕೊಡುವ ಹಾಗಿಲ್ಲ. ರಸ್ತೆಗೆ ಯೋಗ್ಯವಲ್ಲದ ಸ್ಥಿತಿಯಲ್ಲಿರುವ ಕಾರನ್ನು ಮಾರುವುದು 1988ರ ರಸ್ತೆ ಸಂಚಾರ ಕಾಯ್ದೆಯಲ್ಲಿ ಅಪರಾಧ, ಅದು ಖಾಸಗಿಯವರಿಗೂ ಅನ್ವಯಿಸುತ್ತೆ. ನನ್ನ ಕೈ ಹಿಡಿದದ್ದು ಜಾಹೀರಾತಿನ ಸ್ಕ್ರೀನ್‌ಶಾಟ್. 'ವೆಲ್ಡಿಂಗ್ ಮಾಡಿಸಲಾಗಿದೆ' ಅನ್ನೋ ಸಾಲು ಅದರಲ್ಲಿ ಸ್ಪಷ್ಟವಾಗಿತ್ತು. ಅದನ್ನೂ ಗ್ಯಾರೇಜಿನವರು ಬರೆದುಕೊಟ್ಟ ವರದಿಯನ್ನೂ ಸೇರಿಸಿ, ಚಿಕ್ಕ ಮೊತ್ತದ ದಾವೆ ಕೇಳುವ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ಹೋಗುತ್ತೇನೆ ಅಂತ ಪತ್ರ ಕಳಿಸಿದ ಮೇಲೆ ವೆಲ್ಡಿಂಗ್ ಖರ್ಚಿನ ಅರ್ಧ ಕೊಟ್ಟರು. ಖರ್ಚು ಬಂದದ್ದು 1,900 ಪೌಂಡ್. ಕಾರು ನೋಡಲು ಹೊರಡುವ ಮೊದಲೇ ಜಾಹೀರಾತನ್ನು ಉಳಿಸಿಟ್ಟುಕೊಳ್ಳಿ. ಮಾರಾಟವಾದ ಮೇಲೆ ಅದನ್ನು ಅಳಿಸಿಬಿಡುತ್ತಾರೆ.

ನೋಡಲು ಹೋದಾಗ ಮೊದಲು ಮಂಡಿಯೂರಿ ಕೂತು, ಹಿಂದಿನ ಚಕ್ರದ ಮುಂದೆ ಸಿಲ್ ಮುಗಿಯುವ ಜಾಗವನ್ನು ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಒಂದು ತೆಳು ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಉದ್ದಕ್ಕೂ ಇಟ್ಟು ನೋಡಿ. ಎಲ್ಲಿ ಹಿಡಿಯಲ್ಲವೋ ಅಲ್ಲಿ ಪುಟ್ಟಿ ಇದೆ. ಗೆಣ್ಣಿನಿಂದ ತಟ್ಟಿದರೆ ತಗಡು ಟಣ್ ಅನ್ನುತ್ತೆ, ಪುಟ್ಟಿ ಮಂದವಾಗಿ ಸದ್ದು ಮಾಡುತ್ತೆ. ಬಾಗಿಲ ಹಿಂದಿನ ಸಂದಿಯನ್ನು ನೋಡಿ, ಆಮೇಲೆ ಜಾಕ್ ಕೊಟ್ಟು ಎತ್ತಿ ಮತ್ತೆ ನೋಡಿ. ಸಂದಿ ಕಿರಿದಾಗಿ ಬಾಗಿಲು ತಿಕ್ಕಿದರೆ ಆ ಕಾರು ಬೇಡ. ಒಂದು ಚೊಂಬು ನೀರು ತಗೊಂಡು ಹುಡ್ ಹಿಂದಿನ ಕಾಲುವೆಗೆ ನಿಧಾನಕ್ಕೆ ಸುರಿಯಿರಿ. ಕ್ಷಣಗಳಲ್ಲಿ ಚಕ್ರದ ಮುಂದೆ ಸುರಿಯಬೇಕು. ಬರದಿದ್ದರೆ ನೀರು ಎಲ್ಲಿ ಹೋಯಿತು ಅಂತ ಈಗ ನಿಮಗೆ ಗೊತ್ತು. ಕೊಳವೆ ಕಟ್ಟಿದ್ದರೆ ಗಟ್ಟಿ ತಂತಿ ಹಾಕಿ ಚುಚ್ಚಬೇಡಿ, ಪ್ಲಾಸ್ಟಿಕ್ ಒಡೆಯುತ್ತೆ. ಹುಲ್ಲು ಕತ್ತರಿಸುವ ಮಷೀನಿನ ನೈಲಾನ್ ದಾರ ಸಾಕು.

ಇಷ್ಟಾದ ಮೇಲೂ ಲಿಫ್ಟಿಗೆ ಹಾಕಿಸಿ. ಅರ್ಧ ಗಂಟೆಗೆ ಗ್ಯಾರೇಜಿನವರು ಕೇಳುವ ದುಡ್ಡು ಏನೇನೂ ಅಲ್ಲ. ಲಿಫ್ಟು ಬೇಡ ಅನ್ನುವವರಿಗೆ ನಮಸ್ಕಾರ ಹೇಳಿ ಬಂದುಬಿಡಿ. 1998ರ ನಂತರದ, ಹೆಡ್‌ಲೈಟ್ ಏಳದ ಎರಡನೇ ಮಾದರಿ ಆದರೆ ಸಿಲ್ ಜೊತೆಗೆ ಮುಂಭಾಗದ ಚಾಸಿ ರೈಲನ್ನೂ, ಅಂದರೆ ತಳದ ಉದ್ದ ತೊಲೆಗಳನ್ನೂ, ನೋಡಬೇಕು. ಅಲ್ಲಿ ಎರಡು ಪದರದ ನಡುವೆ ನೀರು ನಿಂತು ಒಳಗಿನಿಂದಲೇ ಕೊಳೆಯುತ್ತೆ, ಸರಿಪಡಿಸುವುದು ಸಿಲ್‌ಗಿಂತ ಕಷ್ಟ. ಎಂಜಿನ್ನಿನಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಮೊದಲ ಒಂದೆರಡು ವರ್ಷದ 1.6 ಕಾರುಗಳ ಕ್ರ್ಯಾಂಕ್‌ಶಾಫ್ಟಿನ, ಅಂದರೆ ಎಂಜಿನ್ನೊಳಗೆ ತಿರುಗುವ ಮುಖ್ಯ ದಂಡದ, ಗಿಡ್ಡ ಮೂತಿ. ಅದರ ತುದಿಯ ಪುಲ್ಲಿಯಲ್ಲಿ ನಾಲ್ಕೇ ಸೀಳು ಇದ್ದರೆ ಅದು ಆ ಹಳೆಯ ಬಗೆ, ಪುಲ್ಲಿ ಸಡಿಲವಾಗಿದೆಯಾ ಅಂತ ತಿಳಿದವರಿಗೆ ತೋರಿಸಿ. ಲಂಡನ್ನಿನವರು, ಹೊಗೆ ಹೆಚ್ಚು ಉಗುಳುವ ವಾಹನಗಳಿಗೆ ಅಲ್ಲಿ ಹಾಕುವ ಯುಲೆಝ್ ಶುಲ್ಕವನ್ನೂ ಲೆಕ್ಕ ಹಾಕಿ, ಈ ವಯಸ್ಸಿನ ಬಹುತೇಕ ಕಾರುಗಳಿಗೆ ಓಡಿಸಿದ ದಿನಕ್ಕೆ 12.50 ಪೌಂಡ್ ಬೀಳುತ್ತೆ.

ನನ್ನ ಕಾರು ಈಗ ಸರಿಯಾಗಿದೆ. ಕೊಳೆತದ್ದನ್ನೆಲ್ಲ ಹೊಳೆಯುವ ಕಬ್ಬಿಣ ಸಿಗುವವರೆಗೆ ಕತ್ತರಿಸಿ, ಒಳಗಿನ ಪದರದಿಂದ ಶುರು ಮಾಡಿ ಹೊಸ ತಗಡು ಹಾಕಿ, ಟೊಳ್ಳಿನೊಳಗೆ ಮೇಣ ಸಿಂಪಡಿಸಿದ್ದಾರೆ. ಪ್ರತಿ ಹಂತದ ಫೋಟೋ ನನ್ನ ಹತ್ತಿರ ಇದೆ, ನಂಬರ್ ಪ್ಲೇಟ್ ಸಮೇತ. ಬರ್ಮಿಂಗ್‌ಹ್ಯಾಮ್, ಕವೆಂಟ್ರಿ ಸುತ್ತಮುತ್ತ ಯಾರಾದರೂ ಇಂಥ ಕಾರು ನೋಡಲು ಹೊರಟಿದ್ದರೆ ಮೊದಲೇ ಒಂದು ಮಾತು ತಿಳಿಸಿ. ಶನಿವಾರ ಆದರೆ ಅಯಸ್ಕಾಂತ, ಟಾರ್ಚ್ ತಗೊಂಡು ನಾನೇ ಜೊತೆಗೆ ಬರುತ್ತೇನೆ.